ಬೇಳೆ ಬೆಂದ ನೀರು

ಅಪ್ಪಾ,

ಕ್ಷೇಮ ಕೇಳುವುದಿಲ್ಲ. ನೀನು ಎಲ್ಲಿದ್ದರೂ ನಿನ್ನ ಪಾಲಿಗೆ ಒಳ್ಳೆಯ ನೀರೇ ಬಂದಿರುತ್ತದೆ, ಅದು ನನಗೆ ಗೊತ್ತು. ಮೊನ್ನೆ ಸೋಮವಾರಕ್ಕೆ ನೀನು ಹೋಗಿ ವರ್ಷವಾಯಿತು. ಆ ದಿನಕ್ಕೆಂದೇ ಓಣಿಯವರೆಲ್ಲ ಸೇರಿ ಬೋರಿನ ಪಕ್ಕದ ಟ್ಯಾಂಕಿಗೆ ನಿನ್ನ ಹೆಸರು ಬರೆಸಲು ನಿಂತಿದ್ದರು, ‘ಮಾಜಿ ಮೆಂಬರ್ ಸಂಗಪ್ಪನವರ ಸೇವೆ’ ಅಂತ. ಅದನ್ನು ಕೇಳಿದಾಗಿನಿಂದ ನನಗೆ ಮೈ ಉರಿಯುತ್ತಿದೆ. ಬದುಕಿದ್ದಾಗ ಒಂದು ಸಲವಾದರೂ ನನ್ನ ಮಾತು ಪೂರ್ತಿ ಕೇಳಿದ್ದೀಯಾ? ಈಗ ನಡುವೆ ಬಾಯಿ ಹಾಕದೆ ಕೇಳು.

ಬೋರು ಬರುವ ಮುಂಚಿನ ದಿನಗಳು ನನಗೆ ಚೂರುಪಾರು ನೆನಪಿವೆ. ಅವ್ವ ಹಳ್ಳದ ಮರಳು ತೋಡಿ, ಒರತೆ ಜಿನುಗುವ ತನಕ ಕುಕ್ಕರುಗಾಲಲ್ಲಿ ಕೂತು, ಬಟ್ಟಲಿನಿಂದ ಎತ್ತೆತ್ತಿ ಕೊಡ ತುಂಬುತ್ತಿದ್ದಳು. ಬಾವಿಯ ನೀರು ಸವಳು. ಅದರಲ್ಲಿ ತೊಗರಿಬೇಳೆ ಹಾಕಿದರೆ ಹೊತ್ತು ನೆತ್ತಿಗೇರಿದರೂ ಬೇಯುತ್ತಿರಲಿಲ್ಲ. ತುಂಗಭದ್ರೆಯ ಕಾಲುವೆಯೇನೋ ನಮ್ಮ ಮಸ್ಕಿಯ ಹೊರಗೆ ತುಂಬಿ ಹರಿಯುತ್ತಿತ್ತು, ಆದರೆ ಅದು ಗದ್ದೆಗೆ, ನಮ್ಮ ಬಾಯಿಗಲ್ಲ. ಆಗ ನೀನು ಪಂಚಾಯ್ತಿ ಮೆಂಬರ್ ಆದೆ. ಇದ್ದಬದ್ದವರ ಕಾಲು ಹಿಡಿದು ಓಣಿಯ ಸುತ್ತ ಮೂರು ಬೋರು ಕೊರೆಸಿದೆ. ಅಷ್ಟಕ್ಕೆ ಮಾತ್ರ ನಾನು ಈಗಲೂ ನಿನಗೆ ಕೈ ಮುಗಿಯುತ್ತೇನೆ.

ಮೂರರಲ್ಲಿ ಯಾವುದಕ್ಕೆ ಟ್ಯಾಂಕಿ ಕಟ್ಟುವುದು ಎಂದು ನೀನು ತೀರ್ಮಾನಿಸಿದ ದಿನ ನೆನಪಿದೆಯಾ? ಬೋರಿಗೊಂದರಂತೆ ಮೂರು ಒಲೆ ಹೂಡಿಸಿದೆ. ಮೂರು ಗಡಿಗೆಯಲ್ಲಿ ಮೂರು ನೀರು, ಒಂದೊಂದಕ್ಕೆ ಒಂದೊಂದು ಬಟ್ಟಲು ಬೇಳೆ. ಓಣಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಸುತ್ತ ನಿಂತಿದ್ದರು. ಊರ ಅಗಸಿ ಬಾಗಿಲ ಕಡೆಯ ಬೋರಿನ ಗಡಿಗೆಯಲ್ಲಿ ಎರಡು ಕುದಿಗೆ ಬೇಳೆ ಒಡೆಯಿತು. ನೀನು ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ, “ಬೆಣ್ಣಿ ಆಗೇತಿ ನೋಡ್ರೆ! ಬ್ಯಾಳಿ ಒಪ್ಪಿದ ನೀರು ದೇವರೂ ಒಪ್ಪತಾನ” ಅಂದೆ. ಉಳಿದ ಎರಡು ಬೋರಿನ ನೀರು ದನಕ್ಕೆ, ಬಟ್ಟೆಗೆ ಅಂತಾಯಿತು. ಪಕ್ಕದ ಮನೆಯ ಮಾಬಮ್ಮತ್ತೆ ಆ ಬೇಳೆಗೇ ಒಗ್ಗರಣೆ ಹಾಕಿ ಎಲ್ಲರಿಗೂ ಬಡಿಸಿದಳು. ಅದರಷ್ಟು ರುಚಿಯ ಸಾರನ್ನು ನಾನು ಇವತ್ತಿನವರೆಗೆ ಉಂಡಿಲ್ಲ.

ಇದು ತಪ್ಪು ಅಂತ ನಾನು ಜಗಳಕ್ಕೆ ಬಂದಿಲ್ಲ. ಬೇಳೆ ನೋಡಿ ನೀರು ಆರಿಸುವುದು ನಮ್ಮ ಕಡೆಯ ರೂಢಿ. ನಿನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ನನ್ನ ಜಗಳ ಆಮೇಲಿನದಕ್ಕೆ.

ಮೊದಲು ನನ್ನ ಹಲ್ಲು ಕಂದಾದವು. ಇದ್ದಿಲಲ್ಲಿ ತಿಕ್ಕಿದೆ, ಉಪ್ಪಲ್ಲಿ ತಿಕ್ಕಿದೆ, ಹೋಗಲಿಲ್ಲ. ನೀನು “ಸುಪಾರಿ ಕದ್ದು ತಿಂತಾಳ” ಅಂತ ಓಣಿಯವರ ಮುಂದೆ ನಗಾಡಿದೆ. ನಂತರ ತಂಗಿ ನೀಲಮ್ಮನ ಮೊಣಕಾಲು ಒಳಕ್ಕೆ ಬಾಗಿದವು. ಅವಳು ಹುಟ್ಟಿದ ವರ್ಷವೇ ಹುಟ್ಟಿ, ಅವಳ ಜೊತೆಯೇ ಆಡಿ ಬೆಳೆಯುತ್ತಿದ್ದ ಮಾಬಮ್ಮತ್ತೆಯ ಮಗಳು ರಜಿಯಾಳ ಕಾಲೂ ಬಾಗತೊಡಗಿದವು. ನೀನು ನನ್ನನ್ನೂ ನೀಲಿಯನ್ನೂ ಲಿಂಗಸುಗೂರಿನ ಡಾಕ್ಟರ ಹತ್ತಿರ ಕರೆದೊಯ್ದೆ. ನಾನಾಗ ನಾಲ್ಕನೇ ಇಯತ್ತೆ. ಡಾಕ್ಟರು ನೀಲಿಯ ಮೊಣಕಾಲು ಒತ್ತಿದರು, ನನ್ನ ತುಟಿ ಎತ್ತಿ ನೋಡಿದರು, ಆಮೇಲೆ ಕೇಳಿದ್ದು ಒಂದೇ ಮಾತು: “ಯಾವ ನೀರು ಕುಡೀತೀರಿ?”

ನೀನು ಹೆಮ್ಮೆಯಿಂದ ಬೇಳೆಯ ಕಥೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ಸೋಡಾದಂಥ ಗುಣ ಇರೋ ನೀರಾಗ ಬ್ಯಾಳಿ ಲಗೂನ ಬೇಯ್ತದ್ರಿ. ಫ್ಲೋರೈಡ್ ವಿಷನೂ ಅಂಥಾ ನೀರಾಗ ಹೆಚ್ಚಿರ್ತದ. ಇವತ್ತಿನಿಂದನ ಆ ನೀರು ಬಂದ್ ಮಾಡ್ರಿ. ಓಣಿಯವರಿಗೂ ಹೇಳ್ರಿ, ಸಣ್ಣ ಹುಡುಗ್ರಿಗಂತೂ ಒಂದು ಗುಟುಕೂ ಬ್ಯಾಡ.”

ಬಸ್‌ಸ್ಟ್ಯಾಂಡಿನಲ್ಲಿ ನೀನು ನಮಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದೆ. ನೀಲಿ ತಿನ್ನುವುದರಲ್ಲಿ ಮುಳುಗಿದ್ದಳು. ನನ್ನ ಕಿವಿಯ ಹತ್ತಿರ ಬಾಗಿ ನೀನಂದದ್ದನ್ನು ಅಕ್ಷರ ತಪ್ಪದೆ ಹೇಳಲಾ? “ಗಿರಿಜಾ, ಡಾಕ್ಟರ್ ಅಂದದ್ದು ಓಣ್ಯಾಗ ಬಾಯಿ ಬಿಡಬ್ಯಾಡವ್ವ. ಎಲೆಕ್ಷನ್ ಎದುರಿಗೈತಿ. ಮೆಂಬರ ವಿಷ ಕುಡಿಸಿದ ಅಂತಾರ.” ಎಲೆಕ್ಷನ್ ಮುಗಿದ ಮೇಲೆ ಹೇಳುತ್ತೀಯ ಅಂದುಕೊಂಡೆ. ಗೆದ್ದೆ. ಆಮೇಲೆ ಇನ್ನೊಂದು ಎಲೆಕ್ಷನ್ ಬಂತು, ಅದಾದ ಮೇಲೆ ಮತ್ತೊಂದು…

ಮರುದಿನ ಬೆಳಿಗ್ಗೆ ನೀನು ಸೈಕಲ್ಲಿಗೆ ಎರಡು ಕೊಡ ಕಟ್ಟಿ ಕಾಲುವೆಗೆ ಹೋದೆ. ಓಣಿಯವರು ಕೇಳಿದರೆ, “ನೀಲಿ ಕಾಲು ನೆಟ್ಟಗಾಗಲಿ ಅಂತ ತುಂಗಭದ್ರಿ ನೀರಿನ ಹರಕಿ ಹೊತ್ತೀನ್ರೆಪಾ” ಅಂದೆ. ಎಂಥ ತಲೆ ಅಪ್ಪಾ ನಿನ್ನದು! ಅವ್ವ ನಂಬಿದಳು. ಓಣಿಯವರು ನಿನ್ನ ಭಕ್ತಿಗೆ ಮೆಚ್ಚಿದರು. ಮಗಳಿಗಾಗಿ ಮೆಂಬರು ಎಷ್ಟು ಕಷ್ಟಪಡುತ್ತಾರೆ ಅಂತ ಮಾತಾಡಿಕೊಂಡರು. ನೀಲಿ ದಿನಾ ಆ ಕೊಡಕ್ಕೆ ಕುಂಕುಮ ಹಚ್ಚಿ ಕುಡಿಯುತ್ತಿದ್ದಳು. ಅವಳ ಕಾಲು ಅಷ್ಟಕ್ಕೇ ನಿಂತವು. ನೆಟ್ಟಗಾಗಲಿಲ್ಲ, ಆದರೆ ಕೋಲು ಹಿಡಿದು ನಡೆಯುವಷ್ಟು ಉಳಿದವು.

ಒಂದು ದಿನ ಮಾಬಮ್ಮತ್ತೆ ತಂಬಿಗೆ ಹಿಡಿದು ನಮ್ಮ ಕಟ್ಟೆಯ ಮುಂದೆ ನಿಂತಳು. “ಮೆಂಬರಣ್ಣ, ನಿನ್ನ ಹರಕಿ ನೀರು ದಿನಾ ಒಂದು ತಂಬಿಗಿ ಕೊಡಪಾ. ನಮ್ಮ ರಜಿಯಾನೂ ಕುಡೀಲಿ, ದೇವ್ರು ಎಲ್ಲಾರ್ದೂ ಒಬ್ಬನ ಅಲ್ಲೇನು?” ನೀನು ಏನಂದೆ? “ಹರಕಿ ನೀರು ಹೊಸ್ತಿಲ ದಾಟಬಾರದಬೇ.” ಅವಳು ತಪ್ಪು ಮಾಡಿದವಳಂತೆ ಕೆನ್ನೆ ಬಡಿದುಕೊಂಡು ವಾಪಸು ಹೋದಳು. ಸೀದಾ ಬೋರಿಗೆ. ಆವತ್ತು ನಾನು ನಿನ್ನನ್ನು ದ್ವೇಷಿಸಲು ಕಲಿತೆ. ಒಂದು ತಂಬಿಗೆ ನೀರಪ್ಪಾ! ಕೇಳಿದ್ದು ನಿನ್ನ ಕುರ್ಚಿಯನ್ನಲ್ಲ.

ನೀರು ಪರೀಕ್ಷೆ ಮಾಡುವವರು ಒಮ್ಮೆ ಬಂದರು. ನೀನು ಎಲ್ಲರೆದುರು ನಲ್ಲಿಗೆ ತಂಬಿಗೆ ಹಿಡಿದು ಗಟಗಟ ಕುಡಿದು, “ಇಷ್ಟು ವರ್ಷ ಕುಡದೀನಿ, ಏನಾಗೇತಿ ನನಗ?” ಅಂದೆ. ಓಣಿಗೆ ಓಣಿಯೇ ಚಪ್ಪಾಳೆ ಹೊಡೆಯಿತು. ಅವರು ಕೊಟ್ಟ ಪರೀಕ್ಷೆಯ ಚೀಟಿಯನ್ನು ನೀನು ಕಿಸೆಗೆ ಇಳಿಸಿದ್ದನ್ನು ನಾನು ಕಂಡೆ. ಕಂಡೂ ಸುಮ್ಮನಿದ್ದೆ. ನಿನ್ನನ್ನು ಬೈಯುವಾಗೆಲ್ಲ ನನ್ನ ನಾಲಿಗೆ ಇಲ್ಲಿ ಬಂದು ನಿಲ್ಲುತ್ತದೆ. ನಾನೂ ಆ ಎರಡು ಕೊಡದ ನೀರು ಕುಡಿದೇ ಬೆಳೆದವಳು. ಮದುವೆಯಾಗಿ ಸಿಂಧನೂರಿಗೆ ಹೋದ ಮೇಲಾದರೂ ಹೇಳಬಹುದಿತ್ತು. ಅಪ್ಪನ ಮಾನ ಅಂತ ಹೇಳಿಕೊಂಡು ಬಾಯಿ ಮುಚ್ಚಿದೆ. ರಜಿಯಾ ಈಗ ಕೋಲು ಹಿಡಿದೂ ನಿಲ್ಲಲಾರಳು. ಮಂಚದ ಮೇಲೆ ಕೂತು ಸೀರೆಗೆ ಫಾಲ್ ಹಚ್ಚುತ್ತಾಳೆ.

ಈಗ ಮಸ್ಕಿ ತಾಲ್ಲೂಕಾಗಿದೆ, ಮನೆಮನೆಗೆ ಕಾಲುವೆ ನೀರಿನ ನಳ ಬಂದಿದೆ. ಆದರೆ ಅದು ನಾಲ್ಕಾರು ದಿನಕ್ಕೊಮ್ಮೆ, ಅದೂ ಪಾಚಿ ವಾಸನೆ. “ಮೆಂಬರಣ್ಣನ ನೀರಿಗೆ ಬ್ಯಾಳಿ ಬೆಂದಂಗ ಇದಕ್ಕ ಬೇಯಂಗಿಲ್ಲ” ಅಂತ ಕುಡಿಯಲು, ಅಡಿಗೆಗೆ ಎಲ್ಲರೂ ಬೋರಿಗೇ ಹೋಗುತ್ತಾರೆ. ಬಾಲವಾಡಿಗೂ ಅದೇ ನೀರು. ಹೆಸರು ಬರೆಸುವ ಮಾತಿಗೆ ಭಾನುವಾರ ಟ್ಯಾಂಕಿಯ ಹತ್ತಿರ ಎಲ್ಲರೂ ಕೂಡಿದಾಗ, ನಿನ್ನ ವರ್ಷದ ಕಾರ್ಯಕ್ಕೆ ಬಂದಿದ್ದ ನಾನು ಎದ್ದು ನಿಂತು, “ಹೆಸರು ಬ್ಯಾಡ್ರಿ, ಮೊದಲು ಈ ನೀರು ಬಂದ್ ಮಾಡ್ರಿ, ಇದರಾಗ ದೋಷ ಐತಿ” ಅಂದೆ. ಅಷ್ಟೇ ಅಂದದ್ದು. ಮುಂದಿನದು ಹೇಳಲು ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಮೈಮೇಲೆ ಬಂದವಳು ಮಾಬಮ್ಮತ್ತೆ. “ಹಡದಪ್ಪನ ಪುಣ್ಯಕ್ಕ ಮಣ್ಣು ಹಾಕಾಕ ಬಂದೀಯೇನ? ಸಿಂಧನೂರು ಸೇರಿ ನಿನಗ ಓಣಿ ನೀರು ಕಹಿ ಆತೇನಬೇ?”

ಮರುದಿನ ಬೆಳಿಗ್ಗೆ ನೀಲಿಗೆ ಎಲ್ಲ ಹೇಳಿದೆ. ಡಾಕ್ಟರು, ಒಗ್ಗರಣೆ, ಹರಕೆ, ತಂಬಿಗೆ, ಎಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಒಂದು ಕಲ್ಲು ಹೆಕ್ಕಿ ಎಸೆದು, “ನಾ ಆ ಕೊಡಕ್ಕ ದಿನಾ ಕೈ ಮುಗೀತಿದ್ನಲ್ಲಕ್ಕ” ಅಂದಳು. ಅತ್ತಳು. ನಾನೂ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, “ನಿನ್ನ ಮಾತು ಇವರು ಕೇಳಂಗಿಲ್ಲ. ಅಪ್ಪನ ಮಾತು ಕೇಳತಾರ” ಅಂತ ಕೋಲು ಹಿಡಿದು ಎದ್ದಳು.

ಪೇಂಟರ್ ಆಗಲೇ ಟ್ಯಾಂಕಿಗೆ ಬಿಳಿ ಬಳಿದು, ಬ್ರಷ್ ಹಿಡಿದು ನಿಂತಿದ್ದ. ನೀಲಿ ಅವನಿಗೆ ಬರೆಸಿದ್ದು ಇದು: ‘ಈ ನೀರು ಕುಡಿಯಬೇಡಿರಿ. ಮಕ್ಕಳ ಕಾಲು ಬಾಗುತ್ತವೆ. ಇಂತಿ, ಮಾಜಿ ಮೆಂಬರ್ ಸಂಗಪ್ಪ.’ ಕೂಡಿದವರಿಗೆ ಅಂದಳು, “ಅಪ್ಪ ಸಾಯೋ ಮುಂದ ನನ್ನ ಕೈ ಹಿಡದು ಹೇಳ್ಯಾನ. ನಾನ ಇಷ್ಟು ದಿನ ಧೈರ್ಯ ಮಾಡಲಿಲ್ಲ.” ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ನಿನ್ನ ಮಗಳೇ!

ಯಾರೂ ಒಂದು ಪ್ರಶ್ನೆ ಕೇಳಲಿಲ್ಲ ಅಪ್ಪಾ. ಮಾಬಮ್ಮತ್ತೆ ತುಂಬಿದ ಕೊಡವನ್ನು ಅಲ್ಲೇ ಚರಂಡಿಗೆ ಸುರಿದಳು. “ಸಾಯೋ ಮುಂದೂ ನಮ್ಮ ಹುಡುಗ್ರ ಚಿಂತಿನ ಮಾಡ್ಯಾನಲ್ಲ ನಮ್ಮಣ್ಣ” ಅಂತ ಕಣ್ಣೀರು ಹಾಕಿದಳು. ಸಂಜೆಗೆ ಬಾಲವಾಡಿಯ ಕೊಡವೂ ಖಾಲಿಯಾಯಿತು. ನಿನ್ನ ಒಂದು ಮಾತಿಗೆ, ಒಂದೇ ದಿನದಲ್ಲಿ, ಓಣಿ ಪೂರ್ತಿ. ಲಿಂಗಸುಗೂರಿನಿಂದ ಬಂದ ದಿನವೇ ಬಸ್ಸಿಳಿದು ಆ ಮಾತು ಹೇಳಿದ್ದರೆ? ಅವರು ನಿನ್ನನ್ನು ಆಗಲೂ ಗೆಲ್ಲಿಸುತ್ತಿದ್ದರು, ಹುಚ್ಚಪ್ಪಾ.

ನೀನು ಈಗ ಮೊದಲಿಗಿಂತ ದೊಡ್ಡವನಾಗಿದ್ದೀ. ನನಗದನ್ನು ಸಹಿಸಲಾಗುವುದಿಲ್ಲ, ಆದರೆ ನೀರು ನಿಂತಿತು, ಅದಕ್ಕೆ ಹಲ್ಲು ಕಚ್ಚಿಕೊಂಡಿದ್ದೇನೆ. ಒಂದೇ ಒಂದು ಸುದ್ದಿ ಉಳಿದಿದೆ. ನಿನ್ನೆ ರಜಿಯಾ ಮಂಚದ ಮೇಲಿನಿಂದಲೇ ನನ್ನ ಕೂಗಿ ಕರೆದಳು. ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಕೇಳಿದಳು: “ಗಿರಿಜಕ್ಕ, ನಿಮ್ಮಪ್ಪಗ ಇದು ಯಾವಾಗ ಗೊತ್ತಾಗಿತ್ತು?”

ನಾನು “ಒಲಿ ಮ್ಯಾಲ ಹಾಲೈತಿ” ಅಂತ ನೆಪ ಹೇಳಿ ಎದ್ದು ಬಂದೆ. ಇವತ್ತು ಈ ಕಾಗದ ಮುಗಿಸಿ ಅವಳ ಹತ್ತಿರವೇ ಹೋಗುತ್ತಿದ್ದೇನೆ. ನಿನಗೆ ಗೊತ್ತಾದಾಗ ಅವಳಿಗೆ ಐದು ವರ್ಷ, ಇನ್ನೂ ಓಡುತ್ತಿದ್ದಳು ಅಂತ ಹೇಳುತ್ತೇನೆ.

ನಿನ್ನ ಮಗಳು,
ಗಿರಿಜಾ