ಗಂಟು ಹಾಕಲು ಹೊರಟ ಎಳೆ

ಅಮ್ಮಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಇವತ್ತು ಕಪ್ಪು ಒಡಲಿನ, ಬಿಳಿ ಅಂಚಿನ ಸೀರೆ ಮಗ್ಗದಲ್ಲಿತ್ತು. ಅಂಚಿನ ಎಳೆಯೊಂದು ಕಿತ್ತು ಒಡಲ ಮೇಲೆ ಬಿದ್ದಿದೆಯೆಂದು ಮಗ್ಗ ನಿಲ್ಲಿಸಿದೆ. ಗಂಟು ಹಾಕಲು ತುದಿ ಹುಡುಕಿದರೆ, ಕೈಗೆ ಬಂದದ್ದು ನನ್ನದೇ ನರೆಗೂದಲು.

ತಮ್ಮನ ಹೆಂಡತಿ ದಿವ್ಯ ನೋಡಿ ನಕ್ಕಳು. "ಅಕ್ಕಾ, ಭಾನುವಾರ ಮೇಘನಾನ ನೋಡೋಕೆ ದೇವನಹಳ್ಳಿಯಿಂದ ಗಂಡಿನ ಕಡೆಯೋರು ಬರ್ತಾವ್ರೆ. ನಿಮ್ಮನ್ನ ಹುಡುಗಿ ಅಜ್ಜಿ ಅಂದ್ಕೊಂಡ್ಬಿಡ್ತಾರೆ. ಕೂತ್ಕಳಿ, ತಲೆಗೆ ಬಣ್ಣ ಹಚ್ಬಿಡ್ತೀನಿ" ಅಂದಳು. ನನ್ನ ಮಗಳ ಮದುವೆಯ ವಿಷಯ, ಕೂತೆ.

ಅವಳು ಬಣ್ಣ ಕಲಸಿದಳು. ಆ ವಾಸನೆಗೆ ನಮ್ಮ ಹಿತ್ತಲು ಕಣ್ಮುಂದೆ ಬಂದುಬಿಟ್ಟಿತು. ಹೆಗಲ ಮೇಲೆ ಹಳೇ ಟವೆಲ್ ಹೊದ್ದು ನೀನು ತಲೆ ಬಗ್ಗಿಸಿ ಕೂರುತ್ತಿದ್ದೆ, ನಾನು ಬ್ರಷ್‌ನಲ್ಲಿ ಹಚ್ಚುತ್ತಿದ್ದೆ. "ಕಿವಿ ಹಿಂದೆ ಬಿಡಬೇಡ ಕಣೇ, ಯಾರಾದ್ರೂ ನೋಡ್ತಾರೆ" ಎಂದು ನೀನು ಅನ್ನುತ್ತಿದ್ದೆ. ನೆತ್ತಿ ಉರಿಯುತ್ತದೆ ಎಂದೂ ಅನ್ನುತ್ತಿದ್ದೆ. ನಾನು ಒಂದು ಕೂದಲನ್ನೂ ಬಿಡುತ್ತಿರಲಿಲ್ಲ. ನೀನು ಹೋದ ದಿನವೂ ನಿನ್ನ ತಲೆ ಕಪ್ಪಗೇ ಇತ್ತು. ಬಂದವರೆಲ್ಲ ಅದನ್ನೇ ಹೊಗಳಿದರು.

"ಬೇಡ ದಿವ್ಯಾ" ಎಂದು ಎದ್ದುಬಿಟ್ಟೆ.

"ಅವ್ರು ಏನಂದ್ಕೋತಾರೆ ಅಕ್ಕಾ?"

"ಅಜ್ಜಿ ಅಂತ್ಲೇ ಅಂದ್ಕೊಳ್ಲಿ."

ಮೇಘನಾ ಬಣ್ಣದ ಬಟ್ಟಲು ತೊಳೆದಿಟ್ಟಳು.

ನೀನಿದ್ದಿದ್ದರೆ ದಿವ್ಯಳ ಪಕ್ಷವೇ ವಹಿಸುತ್ತಿದ್ದೆ. ಆದರೂ ಇನ್ನು ಹಚ್ಚುವುದಿಲ್ಲ. ನೀನು ಹೋದಾಗಿನ ವಯಸ್ಸು ನನಗೀಗ. ಮುಖವೂ ನಿನ್ನದೇ ಅನ್ನುತ್ತಾರೆ. ನರೆತ ತಲೆಯಲ್ಲಿ ನೀನು ಹೇಗೆ ಕಾಣುತ್ತಿದ್ದೆಯೋ, ಕನ್ನಡಿಯಲ್ಲಾದರೂ ನೋಡುತ್ತೇನೆ.