ಅಸ್ತರಿನ ಬಣ್ಣ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅತ್ತಿಗೆ ಬೈದರೆ ಮಾತ್ರ ಡಾಕ್ಟರ ಹತ್ತಿರ ಹೋಗುವ ಆಸಾಮಿ ನೀನು, ಚೆನ್ನಾಗಿ ಬೈಯಲು ಹೇಳು ಅವರಿಗೆ. ಅಪ್ಪನ ವಿಷಯ ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ, ಅದಕ್ಕೇ ಈ ಕಾಗದ.

ಅವರ ನಾಲಿಗೆಯ ಅಂಚಿನ ಹುಣ್ಣು ಮುರಿದ ಹಲ್ಲು ತಾಗಿ ಆದದ್ದು ಎಂದುಕೊಂಡಿದ್ದೆವಲ್ಲ, ಅದು ಕ್ಯಾನ್ಸರ್. ಎದೆ ಗಟ್ಟಿ ಮಾಡಿಕೋ. ಬೇಗ ಸಿಕ್ಕಿದೆ, ಬೇರೆಲ್ಲೂ ಹರಡಿಲ್ಲ ಎಂದಿದ್ದಾರೆ ಡಾಕ್ಟರು. ಹುಣ್ಣಿನದೊಂದು ಚೂರು, ಪಕ್ಕದ ಒಳ್ಳೆಯ ಭಾಗದ್ದೊಂದು ಚೂರು, ಎರಡೂ ಅಪ್ಪನ ಒಪ್ಪಿಗೆಯಿಂದ ನಮ್ಮ ಲ್ಯಾಬಿನ ಸಂಶೋಧನೆಗೆ ಬಂದವು. ಬಣ್ಣ ಹಾಕಿದವಳು ನಾನೇ. ಕೆಟ್ಟರೆ ಕ್ಯಾನ್ಸರಿಗೆ ದಾರಿ ಮಾಡುವ ಜೀನೊಂದಿದೆ. ಅದರ ಪ್ರೋಟೀನು ಎಲ್ಲಿದೆಯೋ ಅಲ್ಲಿ ಕಂದುಬಣ್ಣ ಹತ್ತುತ್ತದೆ. ಆ ಪ್ರೋಟೀನು ಎಲ್ಲರ ಬಾಯಲ್ಲೂ ಇರುವುದೇ, ಸವೆದ ಕಡೆ ಹೊಸದು ಬೆಳೆಯಲು ಬೇಕಾದದ್ದೇ. ಒಳ್ಳೆಯ ಚೂರಿನಲ್ಲಿ ತಳದ ಜೀವಕೋಶಗಳ ಸಾಲಿಗಷ್ಟೇ ತೆಳ್ಳಗೆ ಹತ್ತಿತ್ತು. ಹುಣ್ಣಿನ ಚೂರಿನಲ್ಲಿ ತಳದಿಂದ ಮೇಲಿನವರೆಗೂ. ಹೊರಗೆ ಹೋಗಿ ಅತ್ತುಬಿಟ್ಟೆ. ಸಂಜೆ ಅಪ್ಪನಿಗೆ ಹೇಳಿದರೆ ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತದೆ, "ಅಸ್ತರಿನ ಬಣ್ಣ ಮೇಲ್ಗಡೆ ಬಟ್ಟೆಗೂ ಬಿಟ್ಕೊಂಡಿದೆ ಅನ್ನು" ಎಂದರು. ಆಮೇಲೆ ಅರ್ಧಕ್ಕೆ ನಿಂತಿದ್ದ ತೋಳು ಮುಗಿಸಿದರು.

ನೆನಪಿದೆಯಾ, ಚಿಕ್ಕವರಿದ್ದಾಗ ಬಟ್ಟೆ ಕತ್ತರಿಸುವ ಮೇಜಿನ ಕೆಳಗೇ ನಮ್ಮ ಸಂಸಾರ. ಚಿಂದಿ ಹಾಸಿಕೊಂಡು ಮಲಗಿರುತ್ತಿದ್ದೆವು, ಮೇಲೆ ಕತ್ತರಿ ಕರಕರ ಎನ್ನುತ್ತಿತ್ತು. ಅಪ್ಪ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಳತೆ ತೆಗೆಯುವರು, ನಮ್ಮನ್ನು ಬೈಯುವುದೂ ಹಾಗೆಯೇ. ಗಿರಾಕಿಗಳಿಗೆ ಅವರ ಮಾತು ತಿಳಿಯದಿದ್ದಾಗ ನಾವೇ ದುಭಾಷಿಗಳು. ನೀನಂತೂ ಬೇಕೆಂದೇ ತಪ್ಪು ಅರ್ಥ ಹೇಳಿ ಆ ದಪ್ಪ ಮೀಸೆಯ ಪೋಸ್ಟ್‌ಮ್ಯಾನನ್ನು ಒಂಟಿಕಾಲಲ್ಲಿ ನಿಲ್ಲಿಸಿದ್ದೆ. ಅಪ್ಪ ನಗು ತಡೆಯಲಾರದೆ ಸೂಜಿಗಳನ್ನೆಲ್ಲ ಉದುರಿಸಿದ್ದರು. ಆ ಮೇಜಿನ ಕೆಳಗಿನ ದಿನಗಳು ಈಗ ಎಷ್ಟು ಬೇಕೆನಿಸುತ್ತಿವೆ ಗೊತ್ತಾ.

ನಾಲಿಗೆಯ ಒಂದು ಪಕ್ಕ ತೆಗೆಯುತ್ತಾರಂತೆ. ಜೀವಕ್ಕೇನೂ ಭಯವಿಲ್ಲ, ಮಾತು ಮಾತ್ರ ತೊದಲಬಹುದಂತೆ. "ಸೂಜಿ ಕಚ್ಕೊಂಡು ಆಡಿದ್ದೇ ಅರ್ಥ ಆಗ್ತಿತ್ತು ನಿಮ್ಗೆ, ಇದೂ ಆಗುತ್ತೆ ಬಿಡೇ" ಎಂದು ನನಗೇ ಸಮಾಧಾನ ಹೇಳುತ್ತಾರೆ. ನಾನೂ ಹೂಂ ಎಂದೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಒಂದೊಂದು ಮುತ್ತು.

ನಿನ್ನ
ತಂಗಿ

ತಾ.ಕ.: ಆಪರೇಷನ್ ಇಪ್ಪತ್ತೆಂಟಕ್ಕೆ. ಅದಕ್ಕೆ ಮೊದಲೇ ಬಂದುಬಿಡು, ಆಗದಿದ್ದರೆ ಫೋನಾದರೂ ಮಾಡು. ನಿನ್ನೆ ಅಪ್ಪ ಕನ್ನಡಿಯ ಮುಂದೆ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಬಾಗಿಲಾಚೆ ನಿಂತು ಕೇಳಿಸಿಕೊಂಡೆ. "ತರಲೆ, ತರಲೆ" ಎನ್ನುತ್ತಿದ್ದರು, ಅವರು ನಿನಗೆ ಇಟ್ಟ ಹೆಸರು. ನೀನೂ ಒಮ್ಮೆ ಹೇಳಿ ನೋಡು, ಮೂರು ಅಕ್ಷರಕ್ಕೂ ನಾಲಿಗೆ ಬೇಕು.