ಹಳದಿ ಕಾಯಿಗಳನ್ನೂ ಬಿಡಬೇಡ

ಹುಸ್ನಾ,

ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗುತ್ತಿದ್ದೇನೆ. ಬಿಸಿಲೇರುವ ಮುಂಚೆ ಅಂಗಳದ ಖರ್ಜೂರವನ್ನೆಲ್ಲ ಕಿತ್ತುಬಿಡು. ಗೊನೆಗೆ ಕಟ್ಟಿದ ಬಲೆ ಹರಿಯಬೇಡ. ಏಣಿ ಹಿಡಿಯಲು ನಿನ್ನ ಭಾವನನ್ನು ಎಬ್ಬಿಸಬೇಡ; ಮುಳ್ಳು ಚುಚ್ಚಿದರೆ ಚುಚ್ಚಲಿ.

ಹಳದಿ ಕಾಯಿಗಳನ್ನೂ ಬಿಡಬೇಡ. ನಮ್ಮ ತವರು ಖೈರ್‌ಪುರದಲ್ಲಿ ಮಳೆಗೆ ಹಣ್ಣು ಕೊಳೆತೀತೆಂದು ಹೆದರಿ ಕಾಯಿಯನ್ನೇ ಕೀಳುತ್ತಿದ್ದೆವು. ಇಲ್ಲಿ ಅಲ್ ಐನ್‌ನ ಮರಳುಗಾಡಿನಲ್ಲಿ ಮಳೆಯಿಲ್ಲ, ನೀನಿದ್ದೀಯ. ಈ ವರ್ಷದ ಮೊದಲ ಹಣ್ಣನ್ನು ನಿನ್ನ ಭಾವ ನಿನ್ನ ಬಾಯಿಗಿಟ್ಟು, "ನಿಮ್ಮಕ್ಕಂಗೆ ಹೇಳ್ಬೇಡ ಕಣೇ" ಅಂದದ್ದು ಅಡುಗೆಮನೆಯವರೆಗೆ ಕೇಳಿಸಿತು. ನೀನು ನಕ್ಕದ್ದೂ ಕೇಳಿಸಿತು.

ಸಂಜೆಯ ವಿಮಾನಕ್ಕೆ ನಿನ್ನ ಟಿಕೆಟ್ ಮಾಡಿಸಿದ್ದೇನೆ. ಸೂಟ್‌ಕೇಸನ್ನೂ ನಾನೇ ತುಂಬಿಟ್ಟಿದ್ದೇನೆ. ಒಂದು ಹಣ್ಣನ್ನೂ ಅದರೊಳಗೆ ಹಾಕಬೇಡ. ಇಲ್ಲಿನ ಬಿಸಿಲು ನಿನಗೆ ಒಗ್ಗಲಿಲ್ಲ ಅಂತ ಅಮ್ಮನಿಗೆ ಹೇಳಿದ್ದೇನೆ. ನೀನೂ ಅದನ್ನೇ ಹೇಳು.

ಅಕ್ಕ